ಒಡೆದ ಕುಕ್ಕರನ್ನು ಅಂಗಡಿಗೆ ವಾಪಸ್ ಕೊಡಬೇಡಿ

(ಮಹಿಳಾ ಸ್ವಸಹಾಯ ಸಂಘಗಳ ತಾಲ್ಲೂಕು ಸಭೆಯಲ್ಲಿ ವಕೀಲೆಯೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)

ಮೇಜಿನ ಮೇಲೆ ಇಟ್ಟಿರುವ ಈ ಕುಕ್ಕರ್ ಮುಚ್ಚಳ ನೋಡಿ. ನಮ್ಮ ಮನೆಯದೇ, ಬೆಳಿಗ್ಗೆ ತೊಳೆದು ತಂದಿದ್ದೇನೆ. ನಡುವೆ ಇರುವುದು ವೆಯ್ಟ್ ಕೂರುವ ಕೊಳವೆ. ಪಕ್ಕದಲ್ಲಿ ಉಗುರಿನಷ್ಟು ದೊಡ್ಡದಾಗಿ ಕಾಣುತ್ತಿದೆಯಲ್ಲ, ಅದು ಸೇಫ್ಟಿ ವಾಲ್ವ್. ಬೇಳೆ ಸಿಪ್ಪೆಯೋ ಅನ್ನದ ಅಗುಳೋ ಸಿಕ್ಕಿ ಕೊಳವೆ ಕಟ್ಟಿಕೊಂಡಿತು ಅಂತ ಇಟ್ಟುಕೊಳ್ಳಿ. ಒಳಗೆ ಆವಿ ತುಂಬುತ್ತದೆ, ಬಿಸಿ ಏರುತ್ತದೆ. ಆಗ ಈ ವಾಲ್ವ್‌ನಲ್ಲಿರುವ ಲೋಹ ಕರಗಿ ಆವಿಗೆ ಬೇರೆ ದಾರಿ ಬಿಡಬೇಕು. ಕರಗಬೇಕಾದ ಹೊತ್ತಿಗೆ ಅದು ಕರಗದಿದ್ದರೆ ಮುಚ್ಚಳವೇ ಹಾರುತ್ತದೆ.

ನನ್ನ ಚಿಕ್ಕಮ್ಮನ ಮನೆಯಲ್ಲಿ ಹಾಗೇ ಆಯಿತು. ಕುದಿಯುವ ತೊಗರಿಬೇಳೆ ಕುತ್ತಿಗೆ, ಭುಜ, ಎಡಗೆನ್ನೆಗೆ ಹಾರಿತು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಕುಕ್ಕರ್ ಕೊಂಡು ಒಂದು ವರ್ಷವೂ ಆಗಿರಲಿಲ್ಲ. ವಿಷಯ ತಿಳಿದು ಅಂಗಡಿಯವರು ಹಣ್ಣು ಹಿಡಿದುಕೊಂಡು ಮನೆಗೇ ಬಂದರು. ತುಂಬ ಬೇಜಾರು ಮಾಡಿಕೊಂಡರು. ಹೊಸ ಕುಕ್ಕರ್ ಕೊಟ್ಟು, ಹಳೆಯದನ್ನು ಚೀಲದಲ್ಲಿ ಹಾಕಿಕೊಂಡು ಹೋದರು. ಚಿಕ್ಕಪ್ಪ ಕೈಮುಗಿದು ಕಳಿಸಿದರು.

ನಾನು ಆಗಷ್ಟೇ ವಕೀಲಿಕೆ ಶುರು ಮಾಡಿದ್ದೆ. ಕಂಪನಿಗೆ ನೋಟಿಸ್ ಕಳಿಸಿದೆ. ಅರ್ಧ ಪುಟದ ಉತ್ತರ ಬಂತು. ಯಾವ ಕುಕ್ಕರ್? ಅದು ನಮ್ಮದೇ ಅನ್ನುವುದಕ್ಕೆ ಏನು ಆಧಾರ? ಅದರಲ್ಲಿ ಇದ್ದದ್ದು ನಮ್ಮ ವಾಲ್ವೋ, ಬೀದಿಯಲ್ಲಿ ಸಿಗುವ ಡೂಪ್ಲಿಕೇಟೋ? ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಇದ್ದದ್ದು ಆ ಚೀಲದಲ್ಲಿ. ಚಿಕ್ಕಮ್ಮ ಇವತ್ತಿಗೂ ಫೋಟೋ ತೆಗೆಯುವಾಗ ಸೆರಗನ್ನು ಎಡಗಡೆಗೆ ಎಳೆದುಕೊಳ್ಳುತ್ತಾರೆ. ಅದನ್ನು ನೋಡಿದಾಗೆಲ್ಲ ನನಗೆ ಆ ಚೀಲ ಕಣ್ಣ ಮುಂದೆ ಬರುತ್ತದೆ. ಇವತ್ತು ನಾನು ಇಲ್ಲಿಗೆ ಬಂದಿರುವುದೇ ಆ ಚೀಲದ ವಿಷಯ ಹೇಳಲು.

ಮೊದಲು ನೀವೆಲ್ಲ ಕೇಳುವ ಪ್ರಶ್ನೆಗೆ ಬರುತ್ತೇನೆ. "ಮೇಡಂ, ಬಿಲ್ ನಮ್ಮ ಯಜಮಾನರ ಹೆಸರಲ್ಲಿದೆ, ಸುಟ್ಟದ್ದು ನನ್ನ ಕೈ. ನಾನು ಕೇಸ್ ಹಾಕಬಹುದಾ?" ಖಂಡಿತ ಹಾಕಬಹುದು. ಕೊಂಡವರ ಒಪ್ಪಿಗೆಯಿಂದ ವಸ್ತುವನ್ನು ಬಳಸುವವರೂ ಗ್ರಾಹಕರೇ ಅಂತ ಗ್ರಾಹಕರ ರಕ್ಷಣಾ ಕಾಯ್ದೆಯಲ್ಲೇ ಬರೆದಿದೆ. ಗಂಡ ತಂದ ಮಿಕ್ಸಿ, ತವರಿನವರು ಕೊಟ್ಟ ಗ್ರೈಂಡರ್, ಮಗ ಆನ್‌ಲೈನ್‌ನಲ್ಲಿ ತರಿಸಿದ ಇಸ್ತ್ರಿಪೆಟ್ಟಿಗೆ, ಯಾವುದೇ ಆಗಲಿ. ಗಾಯವಾದದ್ದು ಮಗುವಿಗಾದರೆ ಅಪ್ಪ ಅಮ್ಮ ದೂರು ಕೊಡಬಹುದು. ಜೀವವೇ ಹೋದರೆ ವಾರಸುದಾರರು ಕೊಡಬಹುದು.

ಇಷ್ಟು ಸುಲಭವಾಗಿ ಹೇಳಿಬಿಟ್ಟೆ. ಆದರೆ ಕೊಳ್ಳದವರಿಗೂ ಹಕ್ಕಿದೆ ಅನ್ನುವ ಮಾತು ಸುಮ್ನೆ ಬಂದದ್ದಲ್ಲ. ಸ್ವಲ್ಪ ದಾರಿ ಬಿಟ್ಟು ಹೋಗಿ ಆ ಕಥೆ ಹೇಳುತ್ತೇನೆ. 1928ರ ಆಗಸ್ಟ್. ಸ್ಕಾಟ್ಲೆಂಡ್ ದೇಶದ ಪೇಸ್ಲಿ ಎಂಬ ಊರು. ಮೇ ಡೊನಹ್ಯೂ ಎಂಬ ಹೆಂಗಸು ಗೆಳತಿಯ ಜೊತೆ ಒಂದು ಹೋಟೆಲಿಗೆ ಹೋದಳು. ದುಡ್ಡು ಕೊಟ್ಟವಳು ಗೆಳತಿ. ಐಸ್‌ಕ್ರೀಮ್ ಮೇಲೆ ಶುಂಠಿ ಸೋಡಾ ಸುರಿದುಕೊಟ್ಟರು. ಬಾಟಲಿ ಕಪ್ಪು ಗಾಜಿನದು, ಒಳಗೆ ಏನಿದೆ ಕಾಣುವುದಿಲ್ಲ. ಸ್ವಲ್ಪ ಕುಡಿದ ಮೇಲೆ ಉಳಿದದ್ದನ್ನು ಲೋಟಕ್ಕೆ ಬಗ್ಗಿಸಿದರು. ಕೊಳೆತ ಬಸವನಹುಳು ಬಿತ್ತು ಅಂತ ಅವಳ ದೂರು. ಹೊಟ್ಟೆ ಕೆಟ್ಟು ಮಲಗಿದಳು. ಸೋಡಾ ಕಂಪನಿ ಹೇಳಿದ್ದು ಒಂದೇ ಮಾತು: ನೀನು ನಮ್ಮಿಂದ ಏನೂ ಕೊಂಡಿಲ್ಲ, ನಿನಗೂ ನಮಗೂ ಸಂಬಂಧ ಇಲ್ಲ. ಅವಳ ಹತ್ತಿರ ದುಡ್ಡಿರಲಿಲ್ಲ. ಬಡವಳು ಅಂತ ಅರ್ಜಿ ಕೊಟ್ಟು ಬ್ರಿಟನ್ನಿನ ಅತಿ ದೊಡ್ಡ ನ್ಯಾಯಪೀಠದ ತನಕ ಹೋದಳು. 1932ರಲ್ಲಿ ತೀರ್ಪು ಬಂತು. ಐವರಲ್ಲಿ ಮೂವರು ಅವಳ ಕಡೆ. ವಸ್ತು ಕೊನೆಗೆ ಯಾರ ಕೈ ಸೇರುತ್ತದೋ ಅವರ ಬಗ್ಗೆಯೂ ತಯಾರಕ ಎಚ್ಚರ ವಹಿಸಬೇಕು ಅಂದರು. ಆ ಒಬ್ಬಳು ಬಡ ಹೆಂಗಸಿನ ಹಟದಿಂದ ನಮ್ಮ ದೇಶದ ಕೋರ್ಟುಗಳಿಗೂ ಒಂದು ದಾರಿ ಸಿಕ್ಕಿತು. ನಮ್ಮ ಗೋಲಿಸೋಡಾ ಕಾಲದಲ್ಲಿ ಬಾಟಲಿ ಸಿಡಿದು ಕಣ್ಣು ಕಳೆದುಕೊಂಡವರು ಯಾರ ಹತ್ತಿರ ಹೋಗಿದ್ದರೋ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ನಮ್ಮಲ್ಲಿ 1986ರಲ್ಲಿ ಗ್ರಾಹಕರ ರಕ್ಷಣಾ ಕಾಯ್ದೆ ಬಂತು. ಅದರ ಜಾಗದಲ್ಲಿ 2019ರ ಹೊಸ ಕಾಯ್ದೆ 2020ರ ಜುಲೈಯಿಂದ ಜಾರಿಯಲ್ಲಿದೆ. ಹೊಸದರಲ್ಲಿ ಒಂದು ಇಡೀ ಅಧ್ಯಾಯ ನಮ್ಮ ಈ ವಿಷಯಕ್ಕೇ ಮೀಸಲು. ಉತ್ಪನ್ನ ಹೊಣೆಗಾರಿಕೆ ಅನ್ನುತ್ತಾರೆ, ಕಲಂ 82ರಿಂದ 87. ತಯಾರಕ ಯಾವಾಗ ಹೊಣೆ ಅಂತ 84ನೇ ಕಲಂ ಹೇಳುತ್ತದೆ. ಕಾರ್ಖಾನೆಯಲ್ಲಿ ಆ ಒಂದು ವಸ್ತು ಕೆಟ್ಟದಾಗಿ ತಯಾರಾಗಿರಬಹುದು. ಅಥವಾ ನಕ್ಷೆಯೇ ತಪ್ಪಿರಬಹುದು, ಆಗ ಆ ಮಾದರಿಯ ಎಲ್ಲವೂ ಅಪಾಯವೇ. ತಾವೇ ಹಾಕಿಕೊಂಡ ಅಳತೆ ತಪ್ಪಿರಬಹುದು, ಕೊಟ್ಟ ಭರವಸೆ ಸುಳ್ಳಾಗಿರಬಹುದು. ಇನ್ನೊಂದಿದೆ: ಹೇಗೆ ಬಳಸಬೇಕು, ಹೇಗೆ ಬಳಸಬಾರದು ಅಂತ ಸರಿಯಾಗಿ ತಿಳಿಸದೇ ಇರುವುದು.

ಈ ಕೊನೆಯದರ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡಬೇಕು. ಗ್ಯಾಸ್ ಗೀಸರ್ ತೆಗೆದುಕೊಳ್ಳಿ. ಕಿಟಕಿ ಇಲ್ಲದ ಬಚ್ಚಲಲ್ಲಿ ಹಾಕಿ ಬಾಗಿಲು ಮುಚ್ಚಿಕೊಂಡರೆ ಗ್ಯಾಸ್ ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಸ್ನಾನಕ್ಕೆ ಹೋದವರು ಸದ್ದಿಲ್ಲದೆ ಕುಸಿಯುತ್ತಾರೆ. ಗೀಸರ್ ಕೆಟ್ಟಿರುವುದೇ ಬೇಡ, ಸರಿಯಾಗಿರುವ ಗೀಸರ್ ಕೂಡ ಹೀಗೆ ಕೊಲ್ಲಬಲ್ಲದು. ಇಲ್ಲಿ ಜೀವ ಉಳಿಸುವುದು ಎಚ್ಚರಿಕೆಯ ಮಾತು ಮಾತ್ರ. ಆ ಮಾತು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ, ಪುಸ್ತಿಕೆಯ ಹತ್ತೊಂಬತ್ತನೇ ಪುಟದಲ್ಲಿದ್ದರೆ ನಮ್ಮ ಹಳ್ಳಿಯ ಮನೆಯವರಿಗೆ ಏನು ತಲುಪಿತು? ಓದಲು ಬಾರದ ಭಾಷೆಯಲ್ಲಿರುವ ಎಚ್ಚರಿಕೆ ಸಾಕಾಗುವ ಎಚ್ಚರಿಕೆ ಅಲ್ಲ ಅನ್ನುವುದು ನನ್ನ ವಾದ. ಕನ್ನಡದಲ್ಲೇ ಇರಬೇಕು ಅಂತ ಈ ಕಲಂನಲ್ಲಿ ಬರೆದಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಗ್ರಾಹಕರ ದೂರು ಕೇಳಿ ತೀರ್ಪು ಕೊಡುವ ಗ್ರಾಹಕರ ಆಯೋಗದ ಮುಂದೆ ನಾನು ಈ ವಾದ ಮಾಡಿದ್ದೇನೆ, ಮಾಡುತ್ತಲೇ ಇರುತ್ತೇನೆ.

ಈ ಕಲಂನಲ್ಲಿ ನಿಮಗೆ ದೊಡ್ಡ ಅನುಕೂಲ ಒಂದಿದೆ. ಕಾರ್ಖಾನೆಯೊಳಗೆ ಯಾರು, ಯಾವತ್ತು, ಏನು ಅಜಾಗರೂಕತೆ ಮಾಡಿದರು ಅಂತ ನೀವು ತೋರಿಸಬೇಕಿಲ್ಲ. ಅದು ನಮ್ಮಿಂದ ಆಗುವ ಕೆಲಸವೂ ಅಲ್ಲ. ವಸ್ತುವಿನಲ್ಲಿ ದೋಷ ಇತ್ತು, ಆ ದೋಷದಿಂದಲೇ ಗಾಯ ಆಯಿತು, ಇವೆರಡನ್ನು ತೋರಿಸಬೇಕು.

ದೋಷವನ್ನಾದರೂ ನಾವು ಹೇಗೆ ತೋರಿಸೋದು, ನಾವೇನು ಎಂಜಿನಿಯರಾ ಅಂತ ಕೇಳುತ್ತೀರಿ. ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ಕೊಟ್ಟ ಒಂದು ತೀರ್ಪು ಕೇಳಿ. ದೆಹಲಿಯವರೊಬ್ಬರು 2015ರಲ್ಲಿ ಹ್ಯುಂಡೈ ಕ್ರೆಟಾ ಕಾರು ಕೊಂಡಿದ್ದರು. 2017ರ ನವೆಂಬರ್‌ನಲ್ಲಿ ಅಪಘಾತ. ಏರ್‌ಬ್ಯಾಗ್ ತೆರೆಯಲೇ ಇಲ್ಲ. ತಲೆ, ಎದೆ, ಹಲ್ಲಿಗೆ ಪೆಟ್ಟಾಯಿತು. ಡಿಕ್ಕಿಯ ರಭಸ ಅಷ್ಟು ಜೋರಿರಲಿಲ್ಲ, ಅದಕ್ಕೇ ತೆರೆಯಲಿಲ್ಲ ಅಂತ ಕಂಪನಿ ವಾದಿಸಿತು. ಕೋರ್ಟ್ ಒಪ್ಪಲಿಲ್ಲ. ವೇಗ, ಬಲ ಅಂತ ಲೆಕ್ಕ ಹಾಕಿ ಡಿಕ್ಕಿಯ ಪರಿಣಾಮ ಹೇಳಲು ಗ್ರಾಹಕರು ಭೌತಶಾಸ್ತ್ರದ ಪಂಡಿತರಾಗಿರಬೇಕಿಲ್ಲ ಅಂತ ಹೇಳಿತು. ಏರ್‌ಬ್ಯಾಗ್ ಇದೆ ಅಂತ ನಂಬಿ ಕೊಂಡವರಿಗೆ ಅದು ಬೇಕಾದ ಹೊತ್ತಿಗೆ ಕೆಲಸ ಮಾಡಲಿಲ್ಲ, ಅದೇ ದೋಷ. 3 ಲಕ್ಷ ರೂಪಾಯಿ ಪರಿಹಾರ, ಜೊತೆಗೆ ಕಾರನ್ನೇ ಬದಲಾಯಿಸಿ ಕೊಡಬೇಕು ಅಂತ ಕೆಳಗಿನ ಆಯೋಗ ಮಾಡಿದ್ದ ಆದೇಶವನ್ನು ಎತ್ತಿಹಿಡಿಯಿತು. ಕಾರಿನ ಜಾಗದಲ್ಲಿ ನಿಮ್ಮ ಕುಕ್ಕರ್ ಇಟ್ಟು ನೋಡಿ. ಆವಿ ಜಾಸ್ತಿಯಾದಾಗ ಕರಗುತ್ತದೆ ಅಂತ ಹೇಳಿ ಮಾರಿದ ವಾಲ್ವ್ ಕರಗಲಿಲ್ಲ. ಮಾತು ಅದೇ ಅಲ್ವಾ?

ಇನ್ನು ಅಂಗಡಿಯವರ ಹೊಣೆ. ತಯಾರು ಮಾಡದೆ ಬರೀ ಮಾರಿದವರನ್ನು ಕಾಯ್ದೆ ಎಲ್ಲ ಸಲವೂ ಹಿಡಿಯುವುದಿಲ್ಲ. ತಯಾರಿಕೆ, ಪ್ಯಾಕಿಂಗ್, ಲೇಬಲ್‌ಗಳಲ್ಲಿ ಅವರ ಕೈವಾಡ ಇದ್ದರೆ, ವಸ್ತುವನ್ನು ಬದಲಾಯಿಸಿದ್ದರೆ, ತಾವೇ ಬೇರೆ ಗ್ಯಾರಂಟಿ ಕೊಟ್ಟಿದ್ದರೆ, ತಯಾರಕರ ಎಚ್ಚರಿಕೆಯನ್ನು ನಿಮಗೆ ದಾಟಿಸದಿದ್ದರೆ ಹಿಡಿಯುತ್ತದೆ. ನನಗೆ ತುಂಬ ಉಪಯೋಗಕ್ಕೆ ಬಂದಿರುವುದು ಇನ್ನೊಂದು: ತಯಾರಕ ಯಾರು ಅಂತಲೇ ಗೊತ್ತಿಲ್ಲದಿದ್ದರೆ, ಅಥವಾ ಗೊತ್ತಿದ್ದರೂ ಅವರಿಗೆ ನೋಟಿಸ್ ಮುಟ್ಟಿಸಲು ಆಗದಿದ್ದರೆ ಮಾರಿದವರೇ ಉತ್ತರ ಕೊಡಬೇಕು. ಜಾತ್ರೆಯಲ್ಲಿ, ಸಂತೆಯಲ್ಲಿ ಹೆಸರಿಲ್ಲದ ನೀರು ಕಾಯಿಸುವ ಕಾಯಿಲ್, ಚಾರ್ಜರ್, ಪ್ಲಗ್ ತರುತ್ತೀರಲ್ಲ, ಅಲ್ಲಿ ಈ ಮಾತು ನೆನಪಿರಲಿ.

ಕುಕ್ಕರ್ ವಿಷಯದಲ್ಲಿ ಇನ್ನೊಂದು. 2021ರ ಫೆಬ್ರವರಿಯಿಂದ ಮನೆಬಳಕೆಯ ಕುಕ್ಕರಿಗೆ ಐಎಸ್‌ಐ ಗುರುತು ಕಡ್ಡಾಯ. ಗುರುತಿನ ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತದೆ. ಬಿಐಎಸ್ ಕೇರ್ ಅನ್ನುವ ಆ್ಯಪ್‌ನಲ್ಲಿ ಆ ನಂಬರ್ ಹಾಕಿ, ಯಾವ ಕಂಪನಿಯದು ಅಂತ ಬರುತ್ತದೆ. 2022ರಲ್ಲಿ ಕೇಂದ್ರ ಗ್ರಾಹಕರ ರಕ್ಷಣಾ ಪ್ರಾಧಿಕಾರವು ಈ ಗುಣಮಟ್ಟ ಇಲ್ಲದ ಕುಕ್ಕರ್ ಮಾರಲು ಬಿಟ್ಟಿದ್ದಕ್ಕೆ ದೊಡ್ಡ ಆನ್‌ಲೈನ್ ತಾಣಗಳ ಮೇಲೆಯೇ ದಂಡ ಹಾಕಿ, ಕೊಂಡವರಿಂದ ವಾಪಸ್ ತರಿಸಿಕೊಂಡು ದುಡ್ಡು ಕೊಡಿ ಅಂತ ಆದೇಶ ಮಾಡಿತು. ದೊಡ್ಡ ತಾಣ ಅಂದಮಾತ್ರಕ್ಕೆ ವಸ್ತು ಒಳ್ಳೆಯದು ಅಂತ ನಂಬಬೇಡಿ.

ನಾವು ಸೋಲುವುದು ಎಲ್ಲಿ ಅನ್ನುವುದನ್ನೂ ಹೇಳಬೇಕು. ವಸ್ತುವನ್ನು ತಪ್ಪಾಗಿ ಬಳಸಿದ್ದರೆ, ಮಾರ್ಪಾಡು ಮಾಡಿದ್ದರೆ ಮಾರಿದವರ ಮೇಲೆ ಕೇಸ್ ನಿಲ್ಲುವುದಿಲ್ಲ. ತಯಾರಕರೂ ಮೊದಲು ಎತ್ತುವ ವಾದ ಅದೇ. ಒಬ್ಬರು ಮಿಕ್ಸಿ ಬ್ಲೇಡಿಗೆ ಎರಡು ಬೆರಳು ಕೊಟ್ಟುಕೊಂಡು ನನ್ನ ಹತ್ತಿರ ಬಂದರು. ಜಾರ್ ಸರಿಯಾಗಿ ಕೂರದಿದ್ದರೆ ಮೋಟರ್ ತಿರುಗಬಾರದು, ಹಾಗೆ ಲಾಕ್ ಇರುವ ಮಿಕ್ಸಿ. ಬಿಚ್ಚಿ ನೋಡಿದವರು ಹೇಳಿದರು, ರಿಪೇರಿಯವರು ಯಾವಾಗಲೋ ಲಾಕ್ ತೆಗೆದು ವೈರ್ ನೇರವಾಗಿ ಕೊಟ್ಟಿದ್ದರು ಅಂತ. ಆಯಮ್ಮನಿಗೆ ಅದು ಗೊತ್ತೇ ಇರಲಿಲ್ಲ. ನೂರೈವತ್ತು ರೂಪಾಯಿ ರಿಪೇರಿ ಅದು. ಕಂಪನಿಯ ಮೇಲಿನ ಆ ಕೇಸ್ ನಾನು ಹಾಕಲಾಗಲಿಲ್ಲ. ಗ್ಯಾಸ್ಕೆಟ್, ವೆಯ್ಟ್, ವಾಲ್ವ್ ಬದಲಾಯಿಸುವಾಗ ಅದೇ ಕಂಪನಿಯದನ್ನು ಬಿಲ್ ಸಮೇತ ತನ್ನಿ. ಮೂವತ್ತು ರೂಪಾಯಿ ಜಾಸ್ತಿ ಆಗಲಿ.

ಈಗ ಕಷ್ಟದ ಮಾತು. ಅಡುಗೆಮನೆಯಲ್ಲಿ ಸುಟ್ಟುಕೊಂಡು ಆಸ್ಪತ್ರೆಗೆ ಹೋದ ಹೆಂಗಸು ಡಾಕ್ಟರಿಗೆ ಏನು ಹೇಳುತ್ತಾಳೆ? "ನನ್ನ ಅಜಾಗ್ರತೆ ಡಾಕ್ಟ್ರೇ, ಏನೋ ಆಯ್ತು" ಅನ್ನುತ್ತಾಳೆ. ಸುಟ್ಟ ಗಾಯ ಅಂದ ಕೂಡಲೇ ಆಸ್ಪತ್ರೆಯವರು ಎಂಎಲ್‌ಸಿ, ಅಂದರೆ ಕಾನೂನಿಗೆ ಸಂಬಂಧಪಟ್ಟ ವೈದ್ಯಕೀಯ ಪ್ರಕರಣ ಅಂತ ಬರೆದು ಪೊಲೀಸರಿಗೆ ತಿಳಿಸುತ್ತಾರೆ. ಗಂಡನಿಗೆ, ಅತ್ತೆಗೆ ತೊಂದರೆ ಆದೀತು ಅಂತ ಹೆದರಿ ಅವಳು ಎಲ್ಲವನ್ನೂ ತನ್ನ ಮೇಲೆ ಹಾಕಿಕೊಳ್ಳುತ್ತಾಳೆ. ಆ ಒಂದು ಸಾಲು ಆಸ್ಪತ್ರೆಯ ಕಾಗದದಲ್ಲಿ ಕೂತುಬಿಡುತ್ತದೆ. ವರ್ಷದ ಮೇಲೆ ಕಂಪನಿಯ ವಕೀಲರು ಅದನ್ನೇ ಓದುತ್ತಾರೆ. ನಾನು ಅಂಥ ಕಾಗದ ಎಷ್ಟು ನೋಡಿದ್ದೇನೋ. ದಯವಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿ. "ಕುಕ್ಕರ್ ಮುಚ್ಚಳ ಹಾರಿತು." "ಸ್ವಿಚ್ ಹಾಕಿದೆ, ಶಾಕ್ ಹೊಡೆಯಿತು." ಬರೆದದ್ದನ್ನು ಓದಿ ಹೇಳಿ ಅಂತ ಕೇಳಿ. ಜೊತೆಗೆ ಬಂದವರೂ ಅದನ್ನೇ ಹೇಳಲಿ.

ಅಷ್ಟರಲ್ಲಿ ಮನೆಯಲ್ಲಿರುವವರು ಮಾಡಬೇಕಾದದ್ದು. ಪ್ಲಗ್ ತೆಗೆದು, ಗ್ಯಾಸ್ ಆಫ್ ಮಾಡಿದ ಮೇಲೆ ವಸ್ತುವನ್ನು ಮುಟ್ಟುವ ಮುಂಚೆ ಫೋಟೋ ತೆಗೆಯಿರಿ. ಗೋಡೆ, ಮೇಲ್ಛಾವಣಿ, ನೆಲ ಎಲ್ಲ ಬರಲಿ. ತೊಳೆಯಬೇಡಿ. ನೆಂಟರು ಬರುತ್ತಾರೆ ಅಂತ ಅಡುಗೆಮನೆ ಸಾರಿಸಿ ಹಸನು ಮಾಡುವ ಅಭ್ಯಾಸ ನಮಗೆ, ಅವತ್ತು ಒಂದು ದಿನ ಬೇಡ. ಚೂರುಗಳನ್ನೂ ಬಿಡದೆ ಒಂದು ಚೀಲದಲ್ಲಿ ಹಾಕಿ, ಬಾಯಿ ಕಟ್ಟಿ, ತಾರೀಖು ಬರೆದಿಡಿ. ಕಂಪನಿಯವರೋ ಅಂಗಡಿಯವರೋ ನೋಡಬೇಕು ಅಂದರೆ ನಿಮ್ಮ ಮನೆಯಲ್ಲೇ ನೋಡಲಿ. ತೆಗೆದುಕೊಂಡು ಹೋಗಲು ಬಿಡಬೇಡಿ. ಅವರು ಎಷ್ಟೇ ಒಳ್ಳೆಯವರಿರಲಿ.

ನೀವೂ ಬಿಚ್ಚಬೇಡಿ. ಪರೀಕ್ಷೆ ಆಗಬೇಕಾದರೆ ಆಯೋಗವೇ ಅದನ್ನು ಸೀಲ್ ಮಾಡಿ ಲ್ಯಾಬಿಗೆ ಕಳಿಸುತ್ತದೆ. 45 ದಿನದೊಳಗೆ ವರದಿ ಬರಬೇಕು ಅಂತ ಕಾಯ್ದೆ. ಲ್ಯಾಬಿನ ಫೀಸನ್ನು ಮೊದಲು ದೂರುದಾರರೇ ಕಟ್ಟಬೇಕಾಗುತ್ತದೆ, ಅದಕ್ಕೆ ಸಿದ್ಧವಾಗಿರಿ. ಪರೀಕ್ಷೆ ಬೇಕಾದ ಕೇಸು ಐದು ತಿಂಗಳಲ್ಲಿ ಮುಗಿಯಬೇಕು ಅಂತಲೂ ಬರೆದಿದೆ. ಹಾಗೆ ಮುಗಿಯುವುದು ಅಪರೂಪ. ತಡವಾಗುತ್ತದೆ ಅಂತ ಕೈಬಿಟ್ಟವರನ್ನು ನೋಡಿದಾಗ ನನಗೆ ಸಂಕಟ ಆಗುತ್ತದೆ, ಯಾಕೆಂದರೆ ಕೊನೆಯ ತನಕ ಬಂದವರಿಗೆ ಪರಿಹಾರ ಸಿಕ್ಕಿದ್ದನ್ನೂ ನೋಡಿದ್ದೇನೆ.

ಖರ್ಚಿನ ಭಯ ಇದೆ ಅಲ್ವಾ? ಕೇಳಿ. ದೂರಿನ ಫೀಸ್ ಲೆಕ್ಕ ಹಾಕುವುದು ನೀವು ಕೇಳುವ ಪರಿಹಾರದ ಮೇಲಲ್ಲ, ವಸ್ತುವಿಗೆ ನೀವು ಕೊಟ್ಟ ಬೆಲೆಯ ಮೇಲೆ. 5 ಲಕ್ಷದವರೆಗಿನ ವಸ್ತುವಿಗೆ ಫೀಸೇ ಇಲ್ಲ. ಎರಡು ಸಾವಿರದ ಕುಕ್ಕರಿನಿಂದ ಆದ ಗಾಯಕ್ಕೆ 10 ಲಕ್ಷ ಕೇಳಿದರೂ ಒಂದು ರೂಪಾಯಿ ಕಟ್ಟಬೇಕಿಲ್ಲ. ವಸ್ತುವಿನ ಬೆಲೆ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗವೇ ಸಾಕು. ಗುಜರಾತಿನಲ್ಲಿ ಸುಮಾರು 31 ಲಕ್ಷದ ಕಾರಿಗೆ ಬೆಂಕಿ ಬಿದ್ದು ಗಂಡ ತೀರಿಕೊಂಡ ಮೇಲೆ ಹೆಂಡತಿ 50 ಕೋಟಿಗೂ ಜಾಸ್ತಿ ಪರಿಹಾರ ಕೇಳಿದರು. ಇಷ್ಟು ದೊಡ್ಡ ಮೊತ್ತ ದೆಹಲಿಯ ರಾಷ್ಟ್ರೀಯ ಆಯೋಗಕ್ಕೆ ಹೋಗಬೇಕಲ್ಲವೇ ಅಂತ ಸುಪ್ರೀಂ ಕೋರ್ಟಿಗೆ ಹೋದರು. ಇಲ್ಲ, ಕೊಟ್ಟ ಬೆಲೆಯೇ ಅಳತೆ ಅಂತ 2025ರ ಏಪ್ರಿಲ್‌ನಲ್ಲಿ ಕೋರ್ಟ್ ಹೇಳಿತು. ಕಂಪನಿ ಮುಂಬೈಯಲ್ಲಿರಲಿ, ಚೆನ್ನೈಯಲ್ಲಿರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವಕೀಲರಿಲ್ಲದೆ ನೀವೇ ವಾದಿಸಬಹುದು. ವಕೀಲರು ಬೇಕು ಅಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಫೋನಿನಲ್ಲಿ ಕೇಳಬೇಕಾದರೆ ಗ್ರಾಹಕರ ಸಹಾಯವಾಣಿ 1915.

ಏನೇನು ಕೇಳಬಹುದು? ಆಸ್ಪತ್ರೆ ಖರ್ಚು, ಮುಂದಿನ ಚಿಕಿತ್ಸೆ, ಕಳೆದುಹೋದ ಕೂಲಿ, ಅನುಭವಿಸಿದ ಯಾತನೆ, ಸುಟ್ಟುಹೋದ ಸಾಮಾನು. "ನಾನು ಮನೆಯಲ್ಲೇ ಇರೋದು, ನನಗೇನು ನಷ್ಟ" ಅನ್ನಬೇಡಿ. ಮನೆಗೆ ನಿಮ್ಮಿಂದ ಸಿಗುತ್ತಿದ್ದ ಸೇವೆ ತಪ್ಪಿಹೋದದ್ದೂ ಹಾನಿ ಅಂತ ಈ ಕಾಯ್ದೆಯ ವ್ಯಾಖ್ಯೆಯಲ್ಲೇ ಇದೆ. ಎರಡು ತಿಂಗಳು ಅಡುಗೆಗೆ, ಮಗು ನೋಡಿಕೊಳ್ಳಲು ಜನ ಇಟ್ಟಿದ್ದರೆ ಆ ಲೆಕ್ಕ ಬರೆದಿಡಿ.

ನಿಮ್ಮ ಸಂಘಗಳಲ್ಲಿ ರೊಟ್ಟಿ, ಉಪ್ಪಿನಕಾಯಿ, ಹಪ್ಪಳ ಮಾಡಿ ಮಾರುವವರಿದ್ದೀರಿ. ವ್ಯಾಪಾರಕ್ಕೆ ಕೊಂಡ ವಸ್ತುವಿಗೆ ಈ ಕಾಯ್ದೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಮಾತ್ರ ಕೊಂಡ ಯಂತ್ರವಾದರೆ ನೀವು ಗ್ರಾಹಕರೇ. ಟೈಲರಿಂಗ್ ಮಷೀನು, ಒಂದು ವೆಟ್ ಗ್ರೈಂಡರ್, ನೀವೇ ನಿಂತು ನಡೆಸುವುದು. ಹತ್ತು ಜನ ಆಳು ಇಟ್ಟು ಕಾರ್ಖಾನೆಯ ಹಾಗೆ ನಡೆಸಿದರೆ ಮಾತು ಬೇರೆಯಾಗುತ್ತದೆ.

ಕೊನೆಗೆ ಗಡುವು. ಘಟನೆ ಆದ ದಿನದಿಂದ 2 ವರ್ಷದೊಳಗೆ ದೂರು ಕೊಡಬೇಕು. ಸರಿಯಾದ ಕಾರಣ ಇದ್ದರೆ ಆಮೇಲೂ ತೆಗೆದುಕೊಳ್ಳಬಹುದು, ಆದರೆ ಅದನ್ನು ನಂಬಿ ಕೂರಬೇಡಿ.

ಇವತ್ತು ಸಭೆ ಶುರುವಾಗುವ ಮುಂಚೆ ಒಬ್ಬ ತಾಯಿ ನನ್ನ ಹತ್ತಿರ ಬಂದಿದ್ದರು. ಹೇಳಬಹುದಾ ಅಂತ ಕೇಳಿಯೇ ಹೇಳುತ್ತಿದ್ದೇನೆ. ನೀರು ಕಾಯಿಸುವ ಕಾಯಿಲಿನಿಂದ ಶಾಕ್ ಹೊಡೆದು ಅವರ ಮಗಳ ಬಲಗೈ ಬೆರಳುಗಳು ಮಡಚದ ಹಾಗಾಗಿವೆ. ಹೋದ ವರ್ಷ ಯುಗಾದಿ ಮುಗಿದ ವಾರ ಆದದ್ದು. ಬಿಲ್ ಇಲ್ಲ, ಕಾಯಿಲಿನ ಮೇಲೆ ಕಂಪನಿ ಹೆಸರೂ ಇಲ್ಲ. ಇನ್ನೇನು ಮಾಡೋದು ಅಂತ ಸುಮ್ಮನಾಗಿದ್ದರಂತೆ. ದುಡ್ಡು ಹೇಗೆ ಕೊಟ್ಟಿರಿ ಅಂದೆ. ಮಗ ಫೋನ್‌ಪೇ ಮಾಡಿದ್ದ ಅಂದರು. ಅಲ್ಲೇ ಹುಡುಕಿಸಿದೆ. ಅಂಗಡಿಯ ಹೆಸರು, ತಾರೀಖು, 480 ರೂಪಾಯಿ, ಎಲ್ಲ ಮೊಬೈಲಿನಲ್ಲಿದೆ. ಹೆಸರಿಲ್ಲದ ವಸ್ತು, ಹಾಗಾಗಿ ಮಾರಿದವರೇ ಉತ್ತರ ಕೊಡಬೇಕು. ಈಗ ಕಾರ್ತಿಕ ಮುಗಿಯುತ್ತಿದೆ. ಯುಗಾದಿಗೆ ಇನ್ನೂ ನಾಲ್ಕು ತಿಂಗಳಿದೆ. ಕಾಯಿಲ್ ಏನು ಮಾಡಿದಿರಿ ಅಂತ ಕೇಳುವಾಗ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಮನೆಯಲ್ಲಿ ಯಾರಿಗೂ ಅದನ್ನು ಮುಟ್ಟಲು ಧೈರ್ಯ ಬರಲಿಲ್ಲವಂತೆ. ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದಾರೆ.

ಅಮ್ಮಾ, ಸೋಮವಾರ ಹತ್ತು ಗಂಟೆಗೆ ಬನ್ನಿ. ಮಗಳನ್ನೂ ಕರೆದುಕೊಂಡು ಬನ್ನಿ. ಚೀಲ ಬಿಚ್ಚದೆ ಹಾಗೇ ತನ್ನಿ.